ಪೀಡಕನ ಪರಿವರ್ತನೆ: ಕಾರ್ಟೂನ್ ಧಾರಾವಾಹಿಗಳ ಚರಿತ್ರೆಯಲ್ಲೊಂದು ಅಧ್ಯಾಯ

ಅಮೆರಿಕದ ಸಿ.ಬಿ.ಎಸ್. ದೂರದರ್ಶನ ಜಾಲದಲ್ಲಿ 1983ರಿಂದ 1985ರವರೆಗೆ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಕಾರ್ಟೂನ್ ಧಾರಾವಾಹಿಯೊಂದು ಪ್ರಸಾರವಾಯಿತು. ಆರು ಮಂದಿ ಎಳೆಯರು ಮಾಯಾಲೋಕವೊಂದರಲ್ಲಿ ಸಿಕ್ಕಿಕೊಂಡು ಮನೆಯ ದಾರಿ ಹುಡುಕುವುದು ಅದರ ಕಥೆ. ಒಂಟಿ ಕೊಂಬಿನ ವೆಂಜರ್ ಎಂಬ ಮಾಂತ್ರಿಕನು ಆ ಮಕ್ಕಳ ಕೈಯಲ್ಲಿದ್ದ ಮಂತ್ರಾಯುಧಗಳ ಆಸೆಯಿಂದ ಕಂತುಕಂತಿಗೂ ಅವರನ್ನು ಕಾಡುತ್ತಾನೆ. ಇಪ್ಪತ್ತೇಳು ಕಂತುಗಳಾದ ಮೇಲೆ ಧಾರಾವಾಹಿ ನಿಂತುಹೋಯಿತು. ಅದರ ಲೇಖಕರಲ್ಲೊಬ್ಬನಾದ ಮೈಕೇಲ್ ರೀವ್ಸ್ ಕೊನೆಯ ಕಂತಿಗೆಂದು ‘ರೆಕ್ವಿಯಂ’ ಎಂಬ ಬರಹವನ್ನು ಸಿದ್ಧಪಡಿಸಿದ್ದನು. ಅದರಲ್ಲಿ ವೆಂಜರನು ಮಕ್ಕಳಿಗೆ ಮಾರ್ಗದರ್ಶಿಯಾದ ವೃದ್ಧನ ಮಗನೆಂಬುದು ತಿಳಿಯುತ್ತದೆ. ಅವನನ್ನು ಆವರಿಸಿದ್ದ ದುಷ್ಟಶಕ್ತಿ ಕಳಚಿ, ತಂದೆಮಕ್ಕಳು ಒಂದಾಗುತ್ತಾರೆ. ಆ ಕಂತು ಚಿತ್ರವಾಗಲೇ ಇಲ್ಲ. ವೆಂಜರನ ಪರಿವರ್ತನೆ ಕಾಗದದ ಮೇಲೆಯೇ ಉಳಿಯಿತು. ದೂರದರ್ಶನದ ಪರದೆಯಲ್ಲಿ ಅವನು ಇಂದಿಗೂ ಮಕ್ಕಳನ್ನು ಕಾಡುತ್ತಲೇ ಇದ್ದಾನೆ.

ಮಕ್ಕಳ ಕಾರ್ಟೂನ್ ಕಥೆಯೊಂದರ ಪೀಡಕಪಾತ್ರ ಸುಧಾರಿಸಿತೋ ಇಲ್ಲವೋ ಎಂಬುದು ಧರ್ಮಚಿಂತಕರು ತಲೆಕೆಡಿಸಿಕೊಳ್ಳಬೇಕಾದ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಬಲಹೀನರನ್ನು ಹಿಂಸಿಸಿದವನು ಬದಲಾಗಬಲ್ಲನೇ, ಬದಲಾದರೆ ಅದು ಯಾವ ಕ್ರಮದಲ್ಲಿ, ಅವನಿಂದ ನೊಂದವರು ಆಗ ಏನು ಮಾಡಬೇಕು ಎಂಬ ಪ್ರಶ್ನೆಗಳನ್ನು ಇಂದಿನ ಮಕ್ಕಳು ಮೊದಲು ಎದುರಿಸುವುದು ಬಸದಿಯ ಪುರಾಣಶ್ರವಣದಲ್ಲಿ ಅಲ್ಲ, ಇಂಥ ಚಿತ್ರಗಳ ಮುಂದೆ. ಆದುದರಿಂದ ಈ ಚಿತ್ರಗಳು ಆ ಪ್ರಶ್ನೆಗಳಿಗೆ ಏನು ಉತ್ತರ ಕೊಡುತ್ತ ಬಂದಿವೆ ಎಂಬುದನ್ನು ನೋಡುವುದು ಅಪ್ರಸ್ತುತವಲ್ಲ.

ಮೊದಮೊದಲು ಅವು ಕೊಟ್ಟ ಉತ್ತರ ಒಂದೇ: ಪೀಡಕನು ಬದಲಾಗುವುದಿಲ್ಲ. ಇದಕ್ಕೆ ಕಾರಣ ತಾತ್ತ್ವಿಕವಾದದ್ದಲ್ಲ, ವ್ಯಾಪಾರದ್ದು. ಮಟೆಲ್ ಎಂಬ ಆಟಿಕೆ ಕಂಪನಿ 1982ರಲ್ಲಿ ಮಾರುಕಟ್ಟೆಗೆ ತಂದ ಬೊಂಬೆಗಳನ್ನು ಆಧರಿಸಿ 1983ರಲ್ಲಿ ‘ಹೀ-ಮ್ಯಾನ್’ ಧಾರಾವಾಹಿ ಆರಂಭವಾಯಿತು. ಅದರ ಒಟ್ಟು ಕಂತುಗಳು 130. ತಲೆಬುರುಡೆಯ ಮುಖದ ಸ್ಕೆಲಿಟರ್ ಅದರ ಖಳನಾಯಕ. ಶತ್ರುಗಳ ಮೇಲೆ ಸಾಗದ ದರ್ಪವನ್ನು ತನ್ನ ಕೈಕೆಳಗಿನವರ ಮೇಲೆ ತೀರಿಸಿಕೊಳ್ಳುವ ಅಪ್ಪಟ ಪೀಡಕ. ಪ್ರತಿ ಕಂತಿನ ಕೊನೆಯಲ್ಲಿ ಅವನು ಸೋಲಬೇಕು, ಮರುದಿನ ಅದೇ ಸ್ಕೆಲಿಟರನಾಗಿ ಮರಳಿ ಬರಬೇಕು. ಅವನು ಸಜ್ಜನನಾಗಿಬಿಟ್ಟರೆ ಅಂಗಡಿಯಲ್ಲಿರುವ ಬೊಂಬೆಯನ್ನು ಕೊಳ್ಳುವವರು ಯಾರು? ದೂರಸಂಪರ್ಕವನ್ನು ನಿಯಂತ್ರಿಸುವ ಅಮೆರಿಕದ ಸರ್ಕಾರಿ ಆಯೋಗವು 1984ರಲ್ಲಿ ಜಾಹೀರಾತಿನ ಕಾಲಮಿತಿಯನ್ನು ಕುರಿತ ಸೂಚನೆಗಳನ್ನು ಕೈಬಿಟ್ಟ ಮೇಲಂತೂ ಬೊಂಬೆ ಮಾರುವ ಧಾರಾವಾಹಿಗಳು ಹೆಚ್ಚಿದವು. ಮಕ್ಕಳ ಕಾರ್ಯಕ್ರಮಗಳ ಜಾಹೀರಾತಿಗೆ ಮತ್ತೆ ಮಿತಿ ಬಂದದ್ದು 1990ರ ಕಾಯಿದೆಯಿಂದ. ‘ಹೀ-ಮ್ಯಾನ್’ನ ಕಂತುಗಳ ಕೊನೆಯಲ್ಲಿ ಪಾತ್ರವೊಂದು ಬಂದು ಮಕ್ಕಳಿಗೆ ನೀತಿಬೋಧೆ ಮಾಡುವ ರೂಢಿಯಿತ್ತು. ಆ ನೀತಿಯನ್ನು ಕೇಳಬೇಕಾಗಿದ್ದ ಸ್ಕೆಲಿಟರನ ಕಿವಿಗೆ ಅದು ಎಂದೂ ಬಿದ್ದಂತಿಲ್ಲ.

ಬಿಡಿಬಿಡಿ ಕಂತುಗಳ ಇಂಥ ಕಥಾಕ್ರಮಕ್ಕೆ ಒಂದು ವಿಚಿತ್ರ ಲಕ್ಷಣವಿದೆ. ಅದರಲ್ಲಿ ನೆನಪಿಲ್ಲ. ನಿನ್ನೆಯ ಕಂತಿನಲ್ಲಿ ಊರನ್ನು ಸುಟ್ಟವನು ಇಂದಿನ ಕಂತಿನಲ್ಲಿ ಆ ಊರಿನ ಋಣವನ್ನು ಹೊತ್ತಿರುವುದಿಲ್ಲ; ಸುಟ್ಟುಹೋದ ಊರೂ ಮೊದಲಿನಂತೆಯೇ ಇರುತ್ತದೆ. ಬೌದ್ಧರ ಕ್ಷಣಿಕವಾದವನ್ನು ಖಂಡಿಸುವಾಗ ಜೈನ ತಾರ್ಕಿಕರು ಎತ್ತುತ್ತಿದ್ದ ‘ಕೃತಪ್ರಣಾಶ’ವೆಂಬ ದೋಷ ಇಲ್ಲಿ ನೆನಪಾಗುತ್ತದೆ. ಮಾಡಿದ ಆತ್ಮ ಮರುಕ್ಷಣವೇ ನಾಶವಾಗುವುದಾದರೆ ಮಾಡಿದ ಕರ್ಮವೂ ಫಲವಿಲ್ಲದೆ ನಾಶವಾದಂತಾಗುತ್ತದೆ, ಆಗ ಬಂಧವೂ ಇಲ್ಲ, ಮೋಕ್ಷವೂ ಇಲ್ಲ ಎಂಬುದು ಅವರ ಆಕ್ಷೇಪ. ಪ್ರತಿವಾರ ಹೊಸದಾಗಿ ಹುಟ್ಟುವ ಕಾರ್ಟೂನ್ ಖಳನ ಸ್ಥಿತಿ ಇದೇ. ಅವನಿಗೆ ಶಿಕ್ಷೆಯೂ ತಟ್ಟುವುದಿಲ್ಲ, ಪಶ್ಚಾತ್ತಾಪವೂ ತಟ್ಟುವುದಿಲ್ಲ. ಪಶ್ಚಾತ್ತಾಪ ಪಡುವುದಕ್ಕೆ ನಿನ್ನೆಯೆಂಬುದೊಂದು ಇರಬೇಕಷ್ಟೆ.

ಇದಕ್ಕೆ ನೇರ ವಿರುದ್ಧವಾದ ಕಥಾಕ್ರಮವೊಂದು ಜೈನಪುರಾಣಗಳಲ್ಲಿ ಮೊದಲಿನಿಂದಲೂ ಇದೆ. ಅದೇ ಭವಾವಳಿ. ಅಲ್ಲಿ ಒಂದು ಜನ್ಮದ ಕೃತ್ಯ ಇನ್ನೊಂದರಲ್ಲಿ ಬೆಳೆ ತೆಗೆಯುತ್ತದೆ. ಮರೆತವನನ್ನೂ ಕರ್ಮ ಮರೆಯುವುದಿಲ್ಲ. ಪೀಡಕಪಾತ್ರದ ದೃಷ್ಟಿಯಿಂದ ಅವುಗಳಲ್ಲಿ ಅತ್ಯಂತ ದೀರ್ಘವಾದದ್ದು ಪಾರ್ಶ್ವನಾಥ ತೀರ್ಥಂಕರನ ಕಥೆಯಲ್ಲಿ ಬರುವ ಕಮಠನದು. ಗುಣಭದ್ರಾಚಾರ್ಯರ ಉತ್ತರಪುರಾಣ, ವಾದಿರಾಜಸೂರಿ 1025ರಲ್ಲಿ ಮುಗಿಸಿದ ಪಾರ್ಶ್ವನಾಥಚರಿತ, ಕನ್ನಡದಲ್ಲಿ ಪಾರ್ಶ್ವಪಂಡಿತನ ಪಾರ್ಶ್ವನಾಥಪುರಾಣ ಮೊದಲಾದವು ಹೇಳುವ ಈ ಕಥೆ ಓದುಗರಿಗೆ ಪರಿಚಿತವೇ. ಪೌದನಪುರದ ಅರವಿಂದ ಮಹಾರಾಜನ ಕಾಲದಲ್ಲಿ ಕಮಠ, ಮರುಭೂತಿ ಎಂಬ ಅಣ್ಣತಮ್ಮಂದಿರು. ತಮ್ಮನ ಹೆಂಡತಿಯಲ್ಲಿ ಮೋಹಗೊಂಡು ಅಪರಾಧವೆಸಗಿದ ಅಣ್ಣನನ್ನು ಅರಸನು ಊರಿನಿಂದ ಹೊರಗಟ್ಟಿದನು. ಕಮಠನು ತಾಪಸರ ಗುಂಪು ಸೇರಿ ತಲೆಯ ಮೇಲೆ ಬಂಡೆ ಹೊತ್ತು ತಪಸ್ಸಿಗೆ ನಿಂತನು. ಪ್ರಚಲಿತವಾದ ಪಾಠದಂತೆ, ಅನ್ಯಾಯಕ್ಕೆ ಒಳಗಾದ ತಮ್ಮನೇ ಅಣ್ಣನನ್ನು ಹುಡುಕಿಕೊಂಡು ಹೋಗಿ ಕ್ಷಮೆ ಬೇಡಿ ಪಾದಕ್ಕೆರಗಿದನು. ಅಣ್ಣನು ಆ ಬಂಡೆಯನ್ನೇ ಅವನ ತಲೆಯ ಮೇಲೆ ಕೆಡವಿ ಕೊಂದನು.

ಮುಂದೆ ಮರುಭೂತಿ ಆನೆಯಾದಾಗ ಕಮಠ ಸರ್ಪವಾಗಿ ಕಚ್ಚಿದನು. ಅವನು ವಿದ್ಯಾಧರನಾಗಿ ತಪಸ್ಸಿಗೆ ಕುಳಿತಾಗ ಹೆಬ್ಬಾವಾಗಿ ನುಂಗಿದನು. ಅವನು ವಜ್ರನಾಭಿ ಚಕ್ರವರ್ತಿಯಾಗಿ ದೀಕ್ಷೆ ವಹಿಸಿದಾಗ ಬೇಡನಾಗಿ, ಆನಂದಮುನಿಯಾದಾಗ ಸಿಂಹವಾಗಿ ಕೊಂದನು. ನಡುನಡುವೆ ನರಕವಾಸ. ಕೊನೆಗೆ ಶಂಬರನೆಂಬ ದೇವನಾಗಿ, ಧ್ಯಾನಸ್ಥನಾದ ಪಾರ್ಶ್ವನ ಮೇಲೆ ಏಳು ದಿನ ಮಳೆಯನ್ನೂ ಬಂಡೆಗಳನ್ನೂ ಸುರಿಸಿದನು. ಧರಣೇಂದ್ರ ಪದ್ಮಾವತಿಯರು ಬಂದು ಕಾಪಾಡಿದರು, ಪಾರ್ಶ್ವನಿಗೆ ಕೇವಲಜ್ಞಾನವಾಯಿತು, ಉತ್ತರಪುರಾಣದ ಪ್ರಕಾರ ಶಂಬರನು ಅಲ್ಲಿಯೇ ಶಾಂತನಾಗಿ ಸಮ್ಯಕ್ತ್ವವನ್ನು ಪಡೆದನು. ಶ್ವೇತಾಂಬರ ಪರಂಪರೆಯಲ್ಲಿ ಈ ದೇವನ ಹೆಸರು ಮೇಘಮಾಲಿ. ಅಲ್ಲಿಯೂ ಅವನು ಕೊನೆಗೆ ಶರಣಾಗುತ್ತಾನೆ. ಎಲ್ಲೋರದ ಜೈನಗುಹೆಗಳ ಪಾರ್ಶ್ವಶಿಲ್ಪಗಳಲ್ಲಿ ಮೇಲುಗಡೆ ಬಂಡೆ ಎತ್ತಿ ಕೂಗುವ ಪೀಡಕನೂ ಕೆಳಗಡೆ ಕೈಮುಗಿದು ಕುಳಿತ ಪೀಡಕನೂ ಒಂದೇ ಫಲಕದಲ್ಲಿದ್ದಾರೆ. ನಮ್ಮ ಹೊಂಬುಜದಲ್ಲಿಯೂ ಕಮಠೋಪಸರ್ಗದ ದೊಡ್ಡ ಶಿಲಾಪ್ರತಿಮೆಗಳಿವೆ.

ಈ ಕಥೆಯಲ್ಲಿ ಗಮನಿಸಬೇಕಾದ ಅಂಶವೊಂದು ಮೊದಲ ಭವದಲ್ಲಿಯೇ ಇದೆ. ಮರುಭೂತಿಯ ವಿನಯ ನಿಜವಾದದ್ದು, ಆದರೂ ಅದರಿಂದ ಕಮಠನು ಬದಲಾಗಲಿಲ್ಲ, ಬದಲಿಗೆ ಕೊಲೆಯಾಯಿತು. ಪೀಡಿತನ ಕ್ಷಮೆ ಪೀಡಿತನ ಆತ್ಮಕ್ಕೆ ಸಂಬಂಧಿಸಿದ್ದು. ಅದು ಪೀಡಕನ ಕಷಾಯವನ್ನು ಕರಗಿಸಲಾರದು. ಅವನ ಕರ್ಮವನ್ನು ಅವನೇ ಸವೆಸಬೇಕು. ಒಬ್ಬರ ಕ್ಷಮೆಯಿಂದ ಇನ್ನೊಬ್ಬರು ಉದ್ಧಾರವಾದರೆಂದು ಹೇಳುವ ಕಥೆ ಕಿವಿಗೆ ಇಂಪಾಗಿದ್ದರೂ ಅದು ಜೈನಕಥೆಯಲ್ಲ. ಇನ್ನೊಂದು ಅಂಶ ಕಾಲಕ್ಕೆ ಸಂಬಂಧಿಸಿದ್ದು. ಕಮಠನಿಗೆ ಬೇಕಾದದ್ದು ಹತ್ತು ಭವ. ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯಲ್ಲಿ ಹಿಂದಿನ ಜನ್ಮದ ಅತ್ತಿಗೆ ನರಿಯಾಗಿ ಬಂದು, ತನ್ನನ್ನು ಒದೆದಿದ್ದ ಕಾಲನ್ನು ತಿನ್ನುತ್ತಾಳೆ. ಅಲ್ಲಿ ಸುಕುಮಾರಸ್ವಾಮಿಗೆ ಸದ್ಗತಿಯುಂಟು, ನರಿಗೆ ಪಶ್ಚಾತ್ತಾಪದ ಸುಳಿವಿಲ್ಲ. ಆ ಜೀವದ ಕಾಲ ಇನ್ನೂ ಬಂದಿಲ್ಲವೆಂದಷ್ಟೇ ತಿಳಿಯಬೇಕು.

ಕಾರ್ಟೂನ್ ಧಾರಾವಾಹಿಗೆ ಇಂಥ ನೆನಪು ಬಂದದ್ದು ಮುಖ್ಯವಾಗಿ ಜಪಾನಿನ ದಾರಿಯಿಂದ. ಅಲ್ಲಿ ಕಥೆಯನ್ನು ವರ್ಷಗಟ್ಟಲೆ ಎಳೆ ಕಡಿಯದಂತೆ ಹೇಳುವ ಪದ್ಧತಿ ಬೇರೂರಿತ್ತು. 1989ರಿಂದ 1996ರವರೆಗೆ ನಡೆದ ‘ಡ್ರಾಗನ್ ಬಾಲ್ ಜೀ’ ಧಾರಾವಾಹಿಯ ವೆಜೀಟಾ ಭೂಮಿಯನ್ನು ನಾಶಮಾಡಲು ಬಂದ ರಾಜಕುಮಾರ. ನೂರಾರು ಕಂತುಗಳ ಬಳಿಕ ಅವನು ಹೆಂಡತಿ ಮಗನಿಗಾಗಿ ಪ್ರಾಣವನ್ನೇ ಒಡ್ಡುತ್ತಾನೆ. ಆದರೆ ಆ ಕಥೆಯಲ್ಲಿ ಸತ್ತವರು ಮಂತ್ರಗೋಲಿಗಳ ಬಲದಿಂದ ಮರಳಿ ಬದುಕುವ ಅನುಕೂಲವಿರುವುದರಿಂದ ಪಾಪದ ಭಾರ ಸ್ವಲ್ಪ ಹಗುರವೇ ಎನ್ನಬೇಕು. ಭಾರ ಕಡಿಮೆಯಾಗದಂತೆ ಪೀಡಕನನ್ನು ಬದಲಿಸಿದ ಕೀರ್ತಿ ಜಪಾನೀ ಚಿತ್ರಗಳಿಂದ ಸ್ಫೂರ್ತಿ ಪಡೆದ ಒಂದು ಅಮೆರಿಕನ್ ಧಾರಾವಾಹಿಗೆ ಸಲ್ಲುತ್ತದೆ.

ಅದು ಮೈಕೇಲ್ ಡಾಂಟೆ ಡಿಮಾರ್ಟಿನೋ ಮತ್ತು ಬ್ರಯಾನ್ ಕೊನೀಟ್ಸ್ಕೋ ರೂಪಿಸಿದ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’. ನಿಕಲೋಡಿಯನ್ ವಾಹಿನಿಯಲ್ಲಿ 2005ರ ಫೆಬ್ರುವರಿ 21ರಿಂದ 2008ರ ಜುಲೈ 19ರವರೆಗೆ ಮೂರು ‘ಪುಸ್ತಕ’ಗಳಾಗಿ, 61 ಕಂತುಗಳಲ್ಲಿ ಅದು ಪ್ರಸಾರವಾಯಿತು. ಜಲ, ಪೃಥ್ವಿ, ಅಗ್ನಿ, ವಾಯು ಎಂಬ ನಾಲ್ಕು ಭೂತಗಳನ್ನು ವಶಮಾಡಿಕೊಂಡ ನಾಲ್ಕು ಜನಾಂಗಗಳಿರುವ ಒಂದು ಕಲ್ಪಿತ ಲೋಕ. ಅಗ್ನಿರಾಜ್ಯವು ನೂರು ವರ್ಷಗಳಿಂದ ಉಳಿದವರ ಮೇಲೆ ಯುದ್ಧ ಹೂಡಿದೆ. ನಾಲ್ಕು ಭೂತಗಳನ್ನೂ ಆಳಬಲ್ಲ ‘ಅವತಾರ್’ ಆದ ಆಂಗ್ ಎಂಬ ಹನ್ನೆರಡು ವರ್ಷದ ಬಾಲಕ ಅದನ್ನು ನಿಲ್ಲಿಸಬೇಕು. ಆಂಗ್ ಸನ್ಯಾಸಿಗಳ ನಡುವೆ ಬೆಳೆದ ಶಾಕಾಹಾರಿ, ಕೊನೆಯ ಶತ್ರುವನ್ನೂ ಕೊಲ್ಲಲೊಪ್ಪದ ಅಹಿಂಸಾವ್ರತಿ. ಜೈನ ಓದುಗರ ಗಮನ ಸಹಜವಾಗಿ ಅವನ ಕಡೆಗೆ ಹೋದೀತು. ಆದರೆ ಕಥೆಯ ತೂಕವಿರುವುದು ಅವನನ್ನು ಬೆನ್ನಟ್ಟಿ ಬರುವ ಜುಕೋ ಎಂಬ ಅಗ್ನಿರಾಜಕುಮಾರನಲ್ಲಿ.

ಜುಕೋ ಮೊದಲು ಕಾಣಿಸಿಕೊಳ್ಳುವುದೇ ಬಲಹೀನರ ಮೇಲೆ ಕೈಯೆತ್ತುವವನಾಗಿ. ದಕ್ಷಿಣಧ್ರುವದ ಹಿಮದೂರಿನಲ್ಲಿ ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದಾರೆ, ಉಳಿದವರು ಹೆಂಗಸರು ಮಕ್ಕಳು. ಅಲ್ಲಿಗೆ ಉಕ್ಕಿನ ಹಡಗಿನಲ್ಲಿ ನುಗ್ಗಿ ಮುದುಕಿಯೊಬ್ಬಳನ್ನು ಹಿಡಿದೆಳೆದು ಗದರಿಸುತ್ತಾನೆ. ಮುಂದೆ ಕ್ಯೋಶಿ ದ್ವೀಪದ ಹಳ್ಳಿಗೆ ಬೆಂಕಿಯಿಕ್ಕುತ್ತಾನೆ. ಕಟಾರಾ ಎಂಬ ಹುಡುಗಿಯನ್ನು ಮರಕ್ಕೆ ಕಟ್ಟಿ, ಸತ್ತ ತಾಯಿಯ ಗುರುತಾಗಿ ಅವಳಿಗೆ ಉಳಿದಿದ್ದ ಕೊರಳಪಟ್ಟಿಯನ್ನು ಮುಂದೊಡ್ಡಿ ಪೀಡಿಸುತ್ತಾನೆ. ತನ್ನ ನಾವಿಕರನ್ನೂ, ತನ್ನೊಡನೆ ದೇಶಭ್ರಷ್ಟನಾಗಿ ಬಂದ ದೊಡ್ಡಪ್ಪ ಐರೋನನ್ನೂ ಹೀನಾಯವಾಗಿ ಕಾಣುತ್ತಾನೆ.

ಹನ್ನೆರಡನೆಯ ಕಂತಿನಲ್ಲಿ ಅವನ ಪೂರ್ವಕಥೆ ಹೊರಬೀಳುತ್ತದೆ. ಹದಿಮೂರರ ವಯಸ್ಸಿನಲ್ಲಿ ಯುದ್ಧಸಭೆಯಲ್ಲಿ ಕುಳಿತಿದ್ದಾಗ, ಹೊಸದಾಗಿ ಸೇರಿದ ಸೈನಿಕರ ದಳವೊಂದನ್ನು ಬಲಿಗೊಟ್ಟು ಗೆಲ್ಲುವ ಸೇನಾಪತಿಯೊಬ್ಬನ ಯೋಜನೆಯನ್ನು ಅವನು ವಿರೋಧಿಸಿದ್ದನು. ಅದಕ್ಕಾಗಿ ತಂದೆಯಾದ ಅಗ್ನಿರಾಜ ಓಜೈ ಅವನನ್ನು ದ್ವಂದ್ವಯುದ್ಧಕ್ಕೆ ಕರೆದನು. ಹೋರಾಡಲೊಪ್ಪದೆ ಕಾಲಿಗೆ ಬಿದ್ದ ಮಗನ ಮುಖವನ್ನು ಸುಟ್ಟು, ಅವತಾರ್‌ನನ್ನು ಹಿಡಿದು ತರುವವರೆಗೆ ಮರಳಬೇಡವೆಂದು ಹೊರಹಾಕಿದನು. ಕರುಣೆ ತೋರಿದ್ದಕ್ಕೇ ಸುಟ್ಟುಕೊಂಡ ಬಾಲಕ ಮುಂದೆ ಕರುಣೆಯನ್ನೇ ದೌರ್ಬಲ್ಯವೆಂದು ಬಗೆದು ಬೆಳೆದದ್ದು ಸ್ವಾಭಾವಿಕವೇ.

ಇಂಥ ಪೂರ್ವಕಥೆಯನ್ನು ತೋರಿಸಿ, ಪ್ರೇಕ್ಷಕರ ಕಣ್ಣಲ್ಲಿ ನೀರು ತರಿಸಿ, ಮುಂದಿನ ಕಂತಿನಿಂದ ಪೀಡಕನನ್ನು ಸಜ್ಜನರ ಸಾಲಿನಲ್ಲಿ ಕೂರಿಸುವುದು ಕಾರ್ಟೂನ್ ಲೇಖಕರು ಅನೇಕ ಸಲ ಹಿಡಿದ ಸುಲಭಮಾರ್ಗ. ಆಚಾರಗ್ರಂಥಗಳು ಆಲೋಚನೆಗೆ, ಅಂದರೆ ಗುರುವಿನ ಮುಂದೆ ದೋಷವನ್ನು ಒಪ್ಪಿಕೊಳ್ಳುವ ಕ್ರಿಯೆಗೆ, ಹತ್ತು ದೋಷಗಳನ್ನು ಹೇಳುತ್ತವೆ. ಅವುಗಳಲ್ಲಿ ಮೊದಲನೆಯದು ‘ಆಕಂಪಿತ’: ಗುರುವಿನ ಮನಸ್ಸಿನಲ್ಲಿ ಕನಿಕರ ಹುಟ್ಟಿಸಿ ಹಗುರವಾದ ಪ್ರಾಯಶ್ಚಿತ್ತವನ್ನು ಪಡೆದುಕೊಳ್ಳುವುದು. ದುಃಖದ ಪೂರ್ವಕಥೆಯೊಂದರಿಂದಲೇ ಪಾತ್ರವನ್ನು ಪಾರುಮಾಡುವ ಲೇಖಕನು ಆ ಪಾತ್ರದ ಪರವಾಗಿ ಆಕಂಪಿತದೋಷವನ್ನು ಎಸಗಿದಂತೆಯೇ. ‘ಅವತಾರ್’ನ ಲೇಖಕರು ಹಾಗೆ ಮಾಡಲಿಲ್ಲ. ಪೂರ್ವಕಥೆ ತಿಳಿದದ್ದು ಹನ್ನೆರಡನೆಯ ಕಂತಿನಲ್ಲಿ. ಜುಕೋ ಆಂಗನ ಪಾಳೆಯಕ್ಕೆ ಸೇರುವುದು ಐವತ್ತೆರಡನೆಯದರಲ್ಲಿ. ನಡುವಿನ ಮೂವತ್ತೊಂಬತ್ತು ಕಂತುಗಳಲ್ಲಿ ಅವನು ನೊಂದವನೂ ಹೌದು, ನೋಯಿಸುವವನೂ ಹೌದು. ಒಂದು ಇನ್ನೊಂದಕ್ಕೆ ಕಾರಣವಾಗುತ್ತದೆಯೇ ಹೊರತು ಸಮರ್ಥನೆಯಾಗುವುದಿಲ್ಲ.

ಆ ಮೂವತ್ತೊಂಬತ್ತು ಕಂತುಗಳಲ್ಲಿ ಅವನು ತಂದೆಯ ಆಗ್ರಹಕ್ಕೆ ಮತ್ತಷ್ಟು ಗುರಿಯಾಗಿ, ಶತ್ರುದೇಶದಲ್ಲಿ ಹೆಸರು ಮರೆಸಿಕೊಂಡು ಅಲೆಯುತ್ತಾನೆ. ಅವನ ಗಾಯದ ಕಲೆಯನ್ನು ಕಂಡು, ಬೆಂಕಿಯಿಂದಲೇ ಸುಟ್ಟಿದ್ದ ತನ್ನ ಕಾಲನ್ನು ತೋರಿಸಿ ಸಮದುಃಖಿಯಾಗಿ ಅನ್ನವಿಕ್ಕಿದ ಹುಡುಗಿಯ ಮನೆಯ ಸವಾರಿಪ್ರಾಣಿಯನ್ನೇ ಕದ್ದು ಹೋಗುತ್ತಾನೆ. ಇನ್ನೊಂದು ಹಳ್ಳಿಯಲ್ಲಿ ಬಡಕುಟುಂಬವೊಂದನ್ನು ಕಾಡುತ್ತಿದ್ದ ಪುಂಡ ಸೈನಿಕರೊಡನೆ ಹೋರಾಡಿ ಅವರ ಮಗುವನ್ನು ಬಿಡಿಸುತ್ತಾನೆ. ಆದರೆ ಹೋರಾಟದ ಭರದಲ್ಲಿ ತನ್ನ ನಿಜವಾದ ಹೆಸರನ್ನು ಸಾರಿದಾಗ ಕಾಪಾಡಿಸಿಕೊಂಡ ಮಗುವೇ ಅವನನ್ನು ದ್ವೇಷದಿಂದ ನೋಡುತ್ತದೆ. 2006ರಲ್ಲಿ ಪ್ರಸಾರವಾದ ಈ ಕಂತಿನಲ್ಲಿ ಯಾರೂ ಅವನಿಗೆ ಉಪದೇಶ ಮಾಡುವುದಿಲ್ಲ. ಒಂದು ಒಳ್ಳೆಯ ಕೆಲಸ ಹಳೆಯ ಲೆಕ್ಕವನ್ನು ಅಳಿಸುವುದಿಲ್ಲವೆಂಬುದನ್ನು ಅವನು ಧೂಳು ತುಂಬಿದ ಆ ಬೀದಿಯಲ್ಲಿ ಕಲಿಯುತ್ತಾನೆ. ಪುಣ್ಯಪಾಪಗಳು ಪರಸ್ಪರ ವಜಾ ಆಗುವ ಅಂಗಡಿಯ ಖಾತೆಗಳಲ್ಲ, ಎರಡಕ್ಕೂ ಬೇರೆಬೇರೆ ಉದಯಕಾಲವಿದೆ ಎಂದು ಕರ್ಮಗ್ರಂಥಗಳನ್ನು ಓದಿದವರಿಗೆ ಹೇಳಬೇಕಾಗಿಲ್ಲ.

ನಲವತ್ತನೆಯ ಕಂತು ಈ ಧಾರಾವಾಹಿಯ ಅತ್ಯಂತ ಧೈರ್ಯದ ಹೆಜ್ಜೆ. ಅಷ್ಟರಲ್ಲಿ ಜುಕೋ ಬಾ ಸಿಂಗ್ ಸೇ ನಗರದ ಚಹದಂಗಡಿಯಲ್ಲಿ ದೊಡ್ಡಪ್ಪನೊಡನೆ ದುಡಿಯುತ್ತ ಶಾಂತನಾಗುತ್ತ ಬಂದಿದ್ದಾನೆ. ಸೆರೆಯಲ್ಲಿ ಅವನೊಡನೆ ಸಿಕ್ಕಿಕೊಂಡ ಕಟಾರಾ ಹಳೆಯ ಹಗೆಯನ್ನು ಮರೆತು, ತನ್ನಲ್ಲಿದ್ದ ಒಂದೇ ಒಂದು ಕುಪ್ಪಿಯ ಪವಿತ್ರಜಲದಿಂದ ಅವನ ಮುಖದ ಕಲೆಯನ್ನು ವಾಸಿಮಾಡಲು ಮುಂದಾಗುತ್ತಾಳೆ. ಬೇರೆ ಯಾವ ಧಾರಾವಾಹಿಯಾದರೂ ಇಲ್ಲಿಯೇ ಅವನನ್ನು ಬದಲಿಸಿ ಮುಗಿಸಿಬಿಡುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿಯೇ ತಂಗಿ ಅಜುಲಾ ಬಂದು ತಂದೆಯ ಪ್ರೀತಿಯ ಆಸೆ ತೋರಿಸುತ್ತಾಳೆ. ಜುಕೋ ಅವಳ ಪಕ್ಷ ವಹಿಸುತ್ತಾನೆ. ಆಂಗ್ ಸಾವಿನಂಚಿಗೆ ಹೋಗುತ್ತಾನೆ, ದೊಡ್ಡಪ್ಪ ಸೆರೆಯಾಗುತ್ತಾನೆ, ನಗರ ಬೀಳುತ್ತದೆ. ಮರುಭೂತಿಯ ತಲೆಯ ಮೇಲೆ ಬಿದ್ದ ಬಂಡೆ ಇಲ್ಲಿ ಮತ್ತೆ ಬಿದ್ದಂತೆ ಕಾಣುತ್ತದೆ. ಕೈಚಾಚಿದ ಕರುಣೆಗೆ ಪೀಡಕನು ಸಿದ್ಧನಿರಲಿಲ್ಲ. ಇದು ಕಟಾರಾಳ ತಪ್ಪಲ್ಲ. ಅವಳ ಕರುಣೆ ವ್ಯರ್ಥವೂ ಅಲ್ಲ. ಆದರೆ ಅವನ ಕೆಲಸವನ್ನು ಅವಳು ಮಾಡಲಾರಳು.

ಮೂರನೆಯ ಪುಸ್ತಕದ ಆರಂಭದಲ್ಲಿ ಜುಕೋಗೆ ಬಯಸಿದ್ದೆಲ್ಲ ದೊರೆತಿದೆ: ಅರಮನೆ, ರಾಜಕುಮಾರನ ಪಟ್ಟ, ತಂದೆಯ ಬಲಗಡೆಯ ಆಸನ. ಅವನಿಗೆ ನಿದ್ದೆ ಬಾರದು. ಕೊನೆಗೆ ಸೂರ್ಯಗ್ರಹಣದ ದಿನ ತಂದೆಯ ಎದುರಿಗೆ ನಿಂತು, ತನಗಾದ ಅನ್ಯಾಯವನ್ನೂ ತಮ್ಮ ರಾಜ್ಯವು ಲೋಕಕ್ಕೆ ಮಾಡಿದ ಅನ್ಯಾಯವನ್ನೂ ಹೇಳಿ ಹೊರಟುಬಿಡುತ್ತಾನೆ. ಎರಡನ್ನೂ ಒಟ್ಟಿಗೆ ಹೇಳಿದ್ದು ವಿಶೇಷ. ತನ್ನ ಗಾಯವನ್ನಷ್ಟೇ ಎಣಿಸಿದವನು ದುಃಖಿಯಾಗಿ ಉಳಿಯುತ್ತಾನೆ. ಪರರ ಗಾಯವೂ ಅದೇ ಕೈಯಿಂದ ಆದದ್ದೆಂದು ಕಂಡವನಿಗೆ ದಾರಿ ತೆರೆಯುತ್ತದೆ.

ತತ್ತ್ವಾರ್ಥಸೂತ್ರವು ಪ್ರಾಯಶ್ಚಿತ್ತದ ಒಂಬತ್ತು ಬಗೆಗಳಲ್ಲಿ ಆಲೋಚನೆಯನ್ನು ಮೊದಲಿಟ್ಟಿದೆ. ಐವತ್ತೆರಡನೆಯ ಕಂತು ಪೂರ್ತಿಯಾಗಿ ಒಂದು ಆಲೋಚನೆಯ ಕಥೆ. ಅದೂ ಕೆಟ್ಟುಹೋದ ಆಲೋಚನೆಯ ಕಥೆ. ಜುಕೋ ತಾನು ಆಡಬೇಕಾದ ಮಾತನ್ನು ಕಾಡಿನಲ್ಲಿ ಕಪ್ಪೆಯೊಂದರ ಮುಂದೆ ಅಭ್ಯಾಸಮಾಡುತ್ತಾನೆ. ನಗು ಬರಿಸುವ ದೃಶ್ಯ, ಆದರೆ ತಪ್ಪೊಪ್ಪಿಕೊಳ್ಳಲು ಹೊರಟು ಬಾಗಿಲ ಬಳಿ ತಡವರಿಸಿದ ಯಾರಿಗೂ ಅದು ಅಪರಿಚಿತವಲ್ಲ. ಎದುರಿಗೆ ಹೋದಾಗ ಮಾತು ಎಡವಟ್ಟಾಗುತ್ತದೆ. ತಾನು ಮಾಡಿದ ಒಳ್ಳೆಯ ಕೆಲಸಗಳನ್ನು ನಡುವೆ ತುರುಕುತ್ತಾನೆ. ತಾನೇ ಅವರ ಮೇಲೆ ಬಿಟ್ಟಿದ್ದ ಕೊಲೆಗಾರನ ಮಾತನ್ನೂ ಎತ್ತುತ್ತಾನೆ. ಅವರು ಅವನನ್ನು ನೀರೆರಚಿ ಅಟ್ಟುತ್ತಾರೆ. ರಾತ್ರಿ ಮಾತಾಡಿಸಲು ಬಂದ ಕುರುಡು ಹುಡುಗಿ ಟಾಫ್‌ಳ ಪಾದಗಳನ್ನು ಬೆಚ್ಚಿಬಿದ್ದು ಸುಟ್ಟೂಬಿಡುತ್ತಾನೆ. ಮನಸ್ಸು ಬದಲಾದರೂ ಕೈಯ ಅಭ್ಯಾಸ ಬದಲಾಗಿಲ್ಲ. ಆ ಕೊಲೆಗಾರನು ನಿಜವಾಗಿ ಬಂದೆರಗಿದಾಗ ಅಡ್ಡ ನಿಂತು, ಟಾಫ್‌ಳ ಕ್ಷಮೆಯನ್ನು ಬೇಡಿ, ಬೆಂಕಿಯನ್ನು ಹತೋಟಿಯಲ್ಲಿಡಲು ಕಲಿಯಬೇಕೆಂದು ಒಪ್ಪಿಕೊಂಡ ಮೇಲೆಯೇ ಅವನಿಗೆ ಅಲ್ಲಿ ಜಾಗ ಸಿಗುವುದು.

ಇದರ ಮುಂದಿನ ಕಂತು ಜೈನದೃಷ್ಟಿಗೆ ಎಲ್ಲಕ್ಕಿಂತ ಹತ್ತಿರವಾದದ್ದು. ಪಾಳೆಯ ಬದಲಿಸಿದ ಜುಕೋನ ಕೈಯಿಂದ ಬೆಂಕಿಯೇ ಹೊರಡದಂತಾಗುತ್ತದೆ. ಅದುವರೆಗೆ ಅವನ ಬೆಂಕಿಗೆ ಕ್ರೋಧವೇ ಇಂಧನವಾಗಿತ್ತು; ಕ್ರೋಧ ಇಳಿದಾಗ ಶಕ್ತಿಯೂ ಇಳಿಯಿತು. ಕಷಾಯಗಳನ್ನು ಬಿಟ್ಟರೆ ಮನುಷ್ಯನಲ್ಲಿ ಉಳಿಯುವುದೇನು, ಅವನು ಕೈಲಾಗದವನಾಗುವುದಿಲ್ಲವೇ ಎಂಬ ಆಕ್ಷೇಪ ಹಳೆಯದು. ಜುಕೋ ಆಂಗನೊಡನೆ ಪುರಾತನ ಸೂರ್ಯೋಪಾಸಕರ ಹಾಳುನಗರಕ್ಕೆ ಹೋಗಿ, ತನ್ನ ಪೂರ್ವಿಕರು ಬೇಟೆಯಾಡಿ ನಿರ್ನಾಮಗೊಳಿಸಿದರೆಂದು ನಂಬಿದ್ದ ಡ್ರಾಗನ್‌ಗಳ ಕೊನೆಯ ಜೋಡಿಯನ್ನು ಕಾಣುತ್ತಾನೆ. ಕೊನೆಯದನ್ನು ತಾನೇ ಕೊಂದೆನೆಂದು ಐರೋ ಹಿಂದೆ ಹೇಳಿಕೊಂಡದ್ದು ಅವುಗಳನ್ನು ಉಳಿಸಲು ಆಡಿದ ಮಾತೆಂದು ಆಗ ತಿಳಿಯುತ್ತದೆ. ಸತ್ಯವ್ರತಕ್ಕೂ ಜೀವರಕ್ಷೆಗೂ ಇರುವ ಈ ತಿಕ್ಕಾಟ ಬೇರೊಂದು ಲೇಖನದ ವಸ್ತು. ಬೆಂಕಿ ನಾಶವಷ್ಟೇ ಅಲ್ಲ, ಜೀವದ ಉಷ್ಣವೂ ಹೌದೆಂದು ಕಂಡು ಜುಕೋ ಹೊಸ ಮೂಲದಿಂದ ಶಕ್ತಿ ಪಡೆಯುತ್ತಾನೆ.

ಎಲ್ಲರೂ ಒಪ್ಪಿಕೊಂಡ ಮೇಲೂ ಕಟಾರಾ ಮಾತ್ರ ಅವನನ್ನು ಕ್ಷಮಿಸುವುದಿಲ್ಲ. ಒಮ್ಮೆ ನಂಬಿ ಮೋಸಹೋದವಳು ಅವಳು. ಧಾರಾವಾಹಿ ಅವಳನ್ನು ಕಠಿಣಹೃದಯಿಯೆಂದು ಬಣ್ಣಿಸುವುದಿಲ್ಲ, ಅವಳನ್ನು ಅವಸರಪಡಿಸುವುದೂ ಇಲ್ಲ. ಐವತ್ತಾರನೆಯ ಕಂತಿನಲ್ಲಿ ಜುಕೋ ಅವಳ ತಾಯಿಯನ್ನು ಕೊಂದ ಸೈನಿಕನನ್ನು ಹುಡುಕಲು ಜೊತೆಯಾಗುತ್ತಾನೆ. ಸೇಡೇ ಸರಿಯೆಂದು ಆಗ ಅವನಿಗೂ ತೋರುತ್ತದೆ, ಬೇಡವೆಂದು ಹೇಳುವವನು ಆಂಗ್. ನಿವೃತ್ತನಾಗಿ, ಮುದಿ ತಾಯಿಯ ಬೈಗುಳ ಕೇಳುತ್ತ ಬದುಕುತ್ತಿರುವ ಆ ಸೈನಿಕನೆದುರು ಮಳೆಯ ಹನಿಗಳನ್ನು ಹಿಮದ ಬಾಣಗಳನ್ನಾಗಿ ಮಾಡಿ ನಿಂತ ಕಟಾರಾ ಕೊನೆಯ ಗಳಿಗೆಯಲ್ಲಿ ಕೈ ತಡೆಯುತ್ತಾಳೆ. ಅವನನ್ನು ಕೊಲ್ಲುವುದಿಲ್ಲ. ಕ್ಷಮಿಸುವುದೂ ಇಲ್ಲ. ಜುಕೋನನ್ನು ಕ್ಷಮಿಸುತ್ತಾಳೆ. ದಶಲಕ್ಷಣಪರ್ವದ ಕೊನೆಗೆ ಕ್ಷಮಾವಣಿಯ ದಿನ ಸಾಲಾಗಿ ಎಲ್ಲರಿಗೂ ಒಂದೇ ಉಸಿರಿನಲ್ಲಿ ಕ್ಷಮೆ ಹೇಳಿ ಮನೆಗೆ ಮರಳುವವರು ಈ ದೃಶ್ಯದ ಮುಂದೆ ಸ್ವಲ್ಪ ತಡೆದು ನಿಂತಾರು. ಆಗಮದೃಷ್ಟಿಯಿಂದ ಕಟಾರಾಳ ನಿಲುವು ಅಪೂರ್ಣವೆನ್ನಬೇಕಾಗುತ್ತದೆ. ಉತ್ತಮಕ್ಷಮೆಗೆ ಎದುರಿನವನ ಯೋಗ್ಯತೆಯ ಹಂಗಿಲ್ಲ, ಕಾಡಿದವನಲ್ಲಿಯೂ ಕಾಪಾಡಿದವನಲ್ಲಿಯೂ ಪಾರ್ಶ್ವನಿಗೆ ಇದ್ದದ್ದು ಸಮಭಾವ. ಆದರೆ ಹದಿನಾಲ್ಕರ ಹುಡುಗಿಯೊಬ್ಬಳಿಂದ ತೀರ್ಥಂಕರನ ಸಮತೆಯನ್ನು ಅಪೇಕ್ಷಿಸದೆ, ಕೈ ತಡೆದ ಅಣುವ್ರತವನ್ನೇ ದೊಡ್ಡದೆಂದು ತೋರಿಸಿದ ಲೇಖಕರ ವಿವೇಕ ಮೆಚ್ಚತಕ್ಕದ್ದು.

ದೊಡ್ಡಪ್ಪನ ಕ್ಷಮೆ ಇನ್ನೊಂದು ಬಗೆಯದು. ಕೊನೆಯ ಯುದ್ಧದ ಹಿಂದಿನ ರಾತ್ರಿ ಐರೋ ಮಲಗಿರುವ ಡೇರೆಗೆ ಹೋಗಿ ಜುಕೋ ಬೆಳಗಾಗುವವರೆಗೆ ಕಾದು ಕುಳಿತಿರುತ್ತಾನೆ. ಮುದುಕನು ಎದ್ದಾಗ ಮುಖವೆತ್ತಲಾರದೆ ತಪ್ಪನ್ನು ಹೇಳತೊಡಗುತ್ತಾನೆ. ಮಾತು ಮುಗಿಯುವ ಮೊದಲೇ ಐರೋ ಅವನನ್ನು ಎಳೆದು ಅಪ್ಪಿಕೊಳ್ಳುತ್ತಾನೆ. ತನಗೆ ಸಿಟ್ಟೆಂಬುದೇ ಬಂದಿರಲಿಲ್ಲ, ಹುಡುಗ ದಾರಿ ತಪ್ಪಿದನೆಂಬ ದುಃಖವಿತ್ತು ಎನ್ನುತ್ತಾನೆ. ಈ ಐರೋ ಹಿಂದೊಮ್ಮೆ ಬಾ ಸಿಂಗ್ ಸೇ ನಗರವನ್ನು ಆರುನೂರು ದಿನ ಮುತ್ತಿದ್ದ ಸೇನಾಪತಿ. ಅಲ್ಲಿ ಮಗನನ್ನು ಕಳೆದುಕೊಂಡ ಮೇಲೆ ಹಿಂತಿರುಗಿದವನು. ತಾನೂ ಪೀಡಕನಾಗಿದ್ದು ಬದಲಾದವನಿಗೆ ಇನ್ನೊಬ್ಬ ಪೀಡಕನ ಕಾಲಗತಿ ತಿಳಿದಿರುತ್ತದೆ.

‘ಅವತಾರ್’ ತೋರಿದ ದಾರಿಯಲ್ಲಿ ಮುಂದೆ ಬಂದವರು ಹಲವರು; ಎಲ್ಲರಿಗೂ ಅಷ್ಟು ತಾಳ್ಮೆಯಿರಲಿಲ್ಲ. 2010ರಿಂದ 2019ರವರೆಗೆ ನಡೆದ, ಇನ್ನೂ ಎಳೆಯ ಮಕ್ಕಳಿಗಾಗಿ ಮಾಡಿದ ‘ಮೈ ಲಿಟಲ್ ಪೋನಿ: ಫ್ರೆಂಡ್‌ಶಿಪ್ ಈಸ್ ಮ್ಯಾಜಿಕ್’ನಲ್ಲಿ ಡೈಮಂಡ್ ಟಿಯಾರಾ ಎಂಬ ಸಿರಿವಂತರ ಮರಿಕುದುರೆ ಶಾಲೆಯಲ್ಲಿ ಮೂವರು ಸಹಪಾಠಿಗಳನ್ನು, ಮೈಮೇಲೆ ಇನ್ನೂ ಗುರುತು ಮೂಡಿಲ್ಲವೆಂಬ ಕಾರಣಕ್ಕೆ, ವರ್ಷಗಟ್ಟಲೆ ಹೀಯಾಳಿಸುತ್ತಾಳೆ. 2015ರ ಅಕ್ಟೋಬರಿನಲ್ಲಿ ಬಂದ ಒಂದೇ ಕಂತಿನಲ್ಲಿ, ಹಾಡುಗಳ ನಡುವೆ, ಅವಳು ಬದಲಾಗುತ್ತಾಳೆ. ಅವಳ ತಾಯಿ ಅವಳಿಗಿಂತ ದೊಡ್ಡ ದರ್ಪದವಳೆಂಬುದು ಅಲ್ಲಿ ತಿಳಿಯುತ್ತದೆ. ಐದು ವರ್ಷದ ಹಿಂಸೆಗೆ ಇಪ್ಪತ್ತೆರಡು ನಿಮಿಷದ ಪರಿಹಾರ ಸ್ವಲ್ಪ ಅಗ್ಗವೇ. ಆದರೂ ಅದರಲ್ಲಿ ಒಂದು ಸತ್ತ್ವವಿದೆ. ತಾಯಿಯ ಮಾತನ್ನು ಎಲ್ಲರೆದುರು ಧಿಕ್ಕರಿಸಿದ ಆ ಹುಡುಗಿ ಕೂಡಲೇ ಮಾಡುವ ಕೆಲಸ ಶಾಲೆಯ ಮುರಿದ ಆಟದ ಸಲಕರಣೆಗಳನ್ನು ತಂದೆಯ ಹಣದಿಂದ ಹೊಸದಾಗಿ ಮಾಡಿಸುವುದು. ಕಣ್ಣೀರಿನ ಬದಲು ಅವಳು ಮಾಡಿದ್ದು ಇದು.

ಜುಕೋನ ಕಥೆಗೂ ಒಂದು ಉಳಿಕೆ ಇದೆ. ಅವನ ತಂಗಿ ಅಜುಲಾ ಮನೆಯೊಳಗಿನ ಪೀಡಕಿ. ಬಾಲ್ಯದಲ್ಲಿ ಅಣ್ಣನನ್ನು ಸಾವಿನ ಮಾತಾಡಿ ಹೆದರಿಸುತ್ತ, ಗೆಳತಿಯರನ್ನು ಹೆದರಿಕೆಯಿಂದಲೇ ಕಟ್ಟಿಕೊಂಡು ಬೆಳೆದವಳು. ತಾಯಿಗೆ ತಾನು ರಾಕ್ಷಸಿಯಾಗಿ ಕಂಡಿದ್ದೆನೆಂದು ಒಮ್ಮೆ ಮಾತ್ರ, ಕಡಲತೀರದ ಬೆಂಕಿಯ ಮುಂದೆ, ಬಾಯಿಬಿಡುತ್ತಾಳೆ. ಮರುಕ್ಷಣ ಅದನ್ನು ತೇಲಿಸಿಬಿಡುತ್ತಾಳೆ. ಅಣ್ಣನಿಗೆ ದೊಡ್ಡಪ್ಪನಿದ್ದನು, ಅವಳಿಗೆ ಅಂಥವರು ಯಾರೂ ಒದಗಲಿಲ್ಲ, ಒದಗಿದ್ದರೂ ಕೇಳುತ್ತಿದ್ದಳೆಂದು ಹೇಳಲಾಗದು. ಕೊನೆಯ ಕಂತಿನಲ್ಲಿ ಗೆಳತಿಯರು ಕೈಬಿಟ್ಟು, ಮತಿಗೆಟ್ಟು, ಅರಮನೆಯ ಅಂಗಳದ ಕಬ್ಬಿಣದ ಜಾಲರಿಗೆ ಸರಪಳಿಯಿಂದ ಬಿಗಿಯಲ್ಪಟ್ಟ ಅವಳು ಬಾಯಿಂದ ನೀಲಿಬೆಂಕಿ ಕಾರುತ್ತ, ಹೊರಳುತ್ತ ಅಳುತ್ತಾಳೆ. ಅವಳನ್ನು ಕಟ್ಟಿಹಾಕಿದ ಕಟಾರಾಳೂ ಗಾಯಗೊಂಡ ಜುಕೋನೂ ಗೆದ್ದ ಸಂತೋಷವಿಲ್ಲದೆ ನೋಡುತ್ತ ನಿಲ್ಲುತ್ತಾರೆ. ಅವಳಿಗಾಗಿ ಲೇಖಕರು ಹಾಡನ್ನೂ ಬರೆಯಲಿಲ್ಲ, ಉಪದೇಶವನ್ನೂ ಬರೆಯಲಿಲ್ಲ. ದೂರದರ್ಶನದಲ್ಲಿ ಅವಳ ಕಥೆ 2008ರ ಆ ಜುಲೈ ರಾತ್ರಿ ಅಲ್ಲಿಗೇ ನಿಂತಿತು.